ಹಾಲು ಮಾಫ್

ಶೌಕತ್ ಸತ್ತ ಸುದ್ದಿ ಶಿರಸಿಗೆ ಬಂದ ದಿನದಿಂದ ಊರಿನವರೆಲ್ಲ ಒಂದಲ್ಲ ಒಂದು ಮಾತು ಹೇಳಿದರು. ಹೇಳಲೇಬೇಕಾದ ಒಂದೇ ಒಂದು ಮಾತನ್ನು, ಹೇಳಬೇಕಾದವಳು ಮಾತ್ರ ಹೇಳಲಿಲ್ಲ. ಅವಳು ಅವನ ತಾಯಿ ಅಮೀನಾಬಿ.

ಆ ಮಾತು ದೊಡ್ಡದೇನಲ್ಲ. ಅವರ ಜನರಲ್ಲಿ ಮಕ್ಕಳು ತಾಯಿಗಿಂತ ಮೊದಲೇ ಹೋದರೆ, ತಾಯಿಯಾದವಳು ತಲೆಯ ಬಳಿ ಕೂತು "ಹಾಲು ಮಾಫ್ ಮಾಡಿದೆ" ಎಂದು ಮೂರು ಸಲ ಹೇಳಬೇಕು. ಕುಡಿಸಿದ ಹಾಲಿಗೆ ನೀನಿನ್ನು ಏನನ್ನೂ ತೀರಿಸಬೇಕಾಗಿಲ್ಲ, ಹಗುರಾಗಿ ಹೋಗು ಎಂದು ಅದರ ಅರ್ಥ. ದೂರದೂರಿಗೆ ಹೊರಟ ಮಗನಿಗೂ ಕೆಲವರು ಹೇಳುತ್ತಾರೆ, ಹೋದವನು ತಿರುಗಿ ಬರುತ್ತಾನೋ ಇಲ್ಲವೋ ಎಂದು. ಇದು ಕಿತಾಬಿನಲ್ಲಿ ಬರೆದಿದೆಯೇ ಎಂದು ಕೇಳಿದರೆ ಮಸೀದಿಯ ಪೇಶ್ ಇಮಾಮರು ಗಡ್ಡ ನೀವಿಕೊಂಡು ಮಾತು ಬದಲಿಸುತ್ತಿದ್ದರು. ಹೆಂಗಸರಿಗೆ ಮಾತ್ರ ಅದರಲ್ಲಿ ಅನುಮಾನವೇ ಇರಲಿಲ್ಲ. ಆ ಮಾತು ಬೀಳದಿದ್ದರೆ ಜೀವ ನಡುದಾರಿಯಲ್ಲೇ ನಿಂತಿರುತ್ತದೆ ಎಂದು ಅವರು ನಂಬಿದ್ದರು. ಅಮೀನಾಬಿಯೂ ನಂಬಿದ್ದಳು. ನಂಬಿದ್ದಳಾದ್ದರಿಂದಲೇ ಅವಳಿಗೆ ಅಷ್ಟು ಕಷ್ಟವಾದದ್ದು.

ಅವಳ ಗಂಡ ಖಾಜಾ ಹುಸೇನ್‌ನದು ಗಾಡಿ ಹೊಡೆಯುವ ಮನೆತನ. ಹೆಗಡೆಕಟ್ಟಾ, ಸೋಂದಾ ಕಡೆಯ ಅಡಿಕೆ ಮೂಟೆಗಳನ್ನು ಅವನ ಅಪ್ಪ ಎತ್ತಿನ ಗಾಡಿಯಲ್ಲಿ ಕುಮಟೆಗೆ ಇಳಿಸುತ್ತಿದ್ದ. ಇವನ ಕಾಲಕ್ಕೆ ಎತ್ತು ಹೋಗಿ ಲಾರಿ ಬಂತು. ಒಬ್ಬನೇ ಮಗ ಶೌಕತ್ ಮೀಸೆ ಮೂಡುವ ಹೊತ್ತಿಗೆಲ್ಲ ದೇವಿಮನೆ ಘಟ್ಟದಲ್ಲಿ ತುಂಬಿದ ಲಾರಿ ಇಳಿಸುವುದನ್ನು ಕಲಿತಿದ್ದ. ಮೂವತ್ತೈದನೇ ಇಸವಿಯಲ್ಲಿ ಬೆಳಗಾವಿಯಿಂದ ಫೌಜಿಗೆ ಜನ ಸೇರಿಸುವವರು ಬಂದರು. ಅವರಿಗೆ ಆ ಸಲ ಬಂದೂಕು ಹಿಡಿಯುವವರಿಗಿಂತ ಲಾರಿ ಓಡಿಸುವವರು ಬೇಕಾಗಿದ್ದರು. "ಈ ಘಟ್ಟ ಇಳಿಸಿದವನಿಗೆ ಯಾವ ಗುಡ್ಡವೂ ಗುಡ್ಡ ಅಲ್ಲ" ಎಂದು ಅವರ ಕಾರಕೂನ ಹೊಗಳಿದ್ದೇ ತಡ, ಖಾಜಾ ಹುಸೇನ್ ಉಬ್ಬಿಹೋದ. ಅಲ್ಲೇ ಹೂಂ ಅಂದುಬಿಟ್ಟ. ಗಂಡಸರು ಇಂಥದ್ದನ್ನೆಲ್ಲ ಪೇಟೆಯಲ್ಲಿ ತೀರ್ಮಾನ ಮಾಡಿಕೊಂಡು ಬಂದು ಊಟದ ಹೊತ್ತಿಗೆ ಮನೆಯಲ್ಲಿ ಹೇಳುತ್ತಾರೆ.

ಮಗ ಹೊರಡುವ ದಿನ ಖಾಜಾ ಹುಸೇನ್‌ನ ಅಕ್ಕ ಶಮ್ಸುನ್ನಿಸಾ ಅಮೀನಾಬಿಯ ಸೆರಗು ಜಗ್ಗಿ, "ಹಾಲಿನ ಮಾತು ಹೇಳಿ ಕಳಿಸು" ಅಂದಿದ್ದಳು.

"ನನ್ನ ಮಗ ಲಾರಿ ಓಡಿಸೋಕೆ ಹೋಗ್ತಿದ್ದಾನೆ ಆಪಾ, ಕಬರಿಗಲ್ಲ," ಎಂದು ಅಮೀನಾಬಿ ಸಿಡುಕಿದ್ದಳು. ಹೇಳಲಿಲ್ಲ.

ಶೌಕತ್ ಕಲಿತದ್ದು ಕನ್ನಡ ಶಾಲೆಯಲ್ಲಿ. ಕಾಗದವನ್ನೂ ಕನ್ನಡದಲ್ಲೇ ಬರೆಯುತ್ತಿದ್ದ. ಅಪ್ಪನಿಗಾಗಲಿ ಅಮ್ಮನಿಗಾಗಲಿ ಕನ್ನಡ ಓದಲು ಬಾರದು. ಪಕ್ಕದ ಮನೆಯ ಕಾಳಿನ ವ್ಯಾಪಾರಿ ಶಿವಪುತ್ರಪ್ಪನ ಹೆಂಡತಿ ಗಿರಿಜವ್ವ ಹಾವೇರಿ ಕಡೆಯ ಶಾಲಾ ಮಾಸ್ತರರ ಮಗಳು, ಓದುಬರಹ ಬಲ್ಲವಳು. ಮಧ್ಯಾಹ್ನ ಗಂಡಸರು ಪೇಟೆಗೆ ಹೋದ ಮೇಲೆ ಅವಳು ಹಿತ್ತಲ ಬಾಗಿಲಿಂದ ಬಂದು ಕಾಗದ ಓದುತ್ತಿದ್ದಳು, ಉತ್ತರವನ್ನೂ ಬರೆದುಕೊಡುತ್ತಿದ್ದಳು. ಹೀಗೆ ಒಂದೂವರೆ ವರ್ಷ ನಡೆಯಿತು. ಅವನಿದ್ದದ್ದು ದೂರದ ವಾಯವ್ಯ ಗಡಿಯ ಪಟಾಣರ ಸೀಮೆಯಲ್ಲಿ. ಊಟ ಚೆನ್ನಾಗಿದೆ, ಬೂಟು ಕೊಟ್ಟಿದ್ದಾರೆ, ಇಲ್ಲಿಯ ಗುಡ್ಡದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ, ಚಳಿ ಬಹಳ ಎಂದು ಬರೆಯುತ್ತಿದ್ದ. ಚಳಿ ಎಂದು ಬರೆದ ಮೇಲೆ ಅಮೀನಾಬಿ ಹಳೆಯ ಸೀರೆಗಳನ್ನೆಲ್ಲ ಒಟ್ಟು ಮಾಡಿ ಒಂದು ದಪ್ಪನೆಯ ಕೌದಿ ಹೊಲಿಯಲು ಕೂತಳು.

ಮೂವತ್ತೇಳರ ಜನವರಿಯಲ್ಲಿ ಬಂದ ಕಾಗದ ಬೇರೆ ತರಹದ್ದು. ಗಿರಿಜವ್ವ ಎರಡು ಸಾಲು ಓದಿ ನಿಲ್ಲಿಸಿದಳು. "ಅಬ್ಬಾಗೆ ಹೇಳಬ್ಯಾಡ ಅಂತ ಬರದಾನ್ರಿ ಅಕ್ಕಾರ," ಅಂದಳು.

"ಓದು."

ಅವಳು ದನಿ ತಗ್ಗಿಸಿ ಓದಿದಳು:

"ಒಂದು ಊರಿನವರು ಸರ್ಕಾರದ ರಸ್ತೆ ಕೆಡಿಸಿದರೆಂದು ಅವರ ಮನೆಗಳನ್ನು ಸುಡುವ ಹುಕುಂ ಆಯಿತು. ಊರು ಬಿಡಿ ಎಂದು ಮೊದಲೇ ವಿಮಾನದಿಂದ ಕಾಗದ ಬೀಳಿಸಿದ್ದರು. ಎಲ್ಲರೂ ಗುಡ್ಡ ಹತ್ತಿ ಹೋಗಿದ್ದರು. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಉಳಿದಿದ್ದಳು, ನಡೆಯಲಾರದವಳು. ನಾವು ನಾಲ್ವರು ಅವಳನ್ನು ಮಂಚದ ಸಮೇತ ಎತ್ತಿ ಹೊರಗೆ ಮರದ ಬುಡದಲ್ಲಿ ಇಟ್ಟೆವು. ಚಿಮಣಿ ಎಣ್ಣೆಯ ಡಬ್ಬಿ ನನ್ನ ಲಾರಿಯದು. ಹವಾಲ್ದಾರ ನನ್ನ ಕೈಗೇ ಕೊಟ್ಟ. ನಾನೇ ಸುರಿದೆ. ಅವಳು ಬಯ್ಯಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮಾರನೆಯ ದಿನ ಅದೇ ದಾರಿಯಲ್ಲಿ ಬಂದೆವು. ರಾತ್ರಿ ಹಿಮ ಬಿದ್ದಿತ್ತು. ಮಂಚ ಅಲ್ಲೇ ಇತ್ತು, ಅವಳೂ ಅದರ ಮೇಲೇ ಇದ್ದಳು. ಅಮ್ಮಾ, ಅವಳ ಹೊದಿಕೆ ಮನೆಯೊಳಗೆ ಇತ್ತು. ಮಂಚ ಎತ್ತಿದವರು ಹೊದಿಕೆ ಎತ್ತಲಿಲ್ಲ. ನನಗೆ ನೆನಪೇ ಆಗಲಿಲ್ಲ. ನನ್ನ ಹಾಲು ಮಾಫ್ ಮಾಡು. ಮಾಡಿದ್ದೇನೆ ಎಂದು ಒಂದು ಕಾರ್ಡು ಬರೆಸು."

ಗಿರಿಜವ್ವ ಕಾಗದ ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಅಮೀನಾಬಿಯ ಕೈ ಸೂಜಿಯ ಮೇಲೆ ಹಾಗೇ ನಿಂತಿತ್ತು. ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಹುಕುಂ ಕೊಟ್ಟವನ ಮೇಲೆ, ಹೂಂ ಅಂದ ಗಂಡನ ಮೇಲೆ, ಎಲ್ಲರಿಗಿಂತ ಹೆಚ್ಚು ಆ ಹುಡುಗನ ಮೇಲೆ. ಮುದುಕಿಗೊಂದು ಹೊದಿಕೆ ಹೊದಿಸಬೇಕೆಂದು ಅವನಿಗೆ ತಾನು ಹೇಳಿಕೊಟ್ಟಿರಲಿಲ್ಲವೇ? ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅದನ್ನು ಉಪಾಯ ಎಂದರೂ ಸರಿ. ಮಗ ಮಾಫಿ ಕೇಳುತ್ತಿದ್ದಾನೆ. ಕಾರ್ಡಿನಲ್ಲಿ ಕೊಟ್ಟರೆ ಅಲ್ಲೇ ಉಳಿಯುತ್ತಾನೆ. ಕೊಡದಿದ್ದರೆ ಅದಕ್ಕಾಗಿಯಾದರೂ ಮನೆಗೆ ಬರುತ್ತಾನೆ.

"ಬರಿ," ಅಂದಳು. "ಹಾಲು ಮಾಫ್ ಮಾಡೋದಿಲ್ಲ. ರಜೆ ತಗೊಂಡು ಬಾ. ನನ್ನೆದುರು ಕೂತು ಕೇಳು."

"ಇಷ್ಟ ಬಿರುಸ ಬರೀಬೇಕೇನ್ರಿ? ಹುಡುಗ ಒಬ್ಬನ ಅಲ್ಲಿ ಅದಾನ."

"ಅದಕ್ಕೇ ಬರಿ."

ಗಿರಿಜವ್ವ ಬರೆದಳು. ಕಾರ್ಡು ಹೋಯಿತು. ಅಮೀನಾಬಿ ಕೌದಿಯ ಕೊನೆಯ ಸಾಲು ಹೊಲಿಗೆ ಮುಗಿಸಿ, ಅವನು ಬರುವಾಗ ಇರಲಿ ಎಂದು ಮಡಿಸಿ ಪೆಟಾರಿಯ ಮೇಲಿಟ್ಟಳು. ಫೆಬ್ರುವರಿ ಹೋಯಿತು, ಮೊಹರಂ ಬಂದು ಹೋಯಿತು. ಮಗನೂ ಬರಲಿಲ್ಲ, ಕಾಗದವೂ ಬರಲಿಲ್ಲ. ಏಪ್ರಿಲ್‌ನಲ್ಲಿ ತಾರು ಬಂತು. ಕಣಿವೆಯೊಂದರಲ್ಲಿ ಪಟಾಣರು ಗುಡ್ಡದ ಮೇಲಿಂದ ಗುಂಡು ಹಾರಿಸಿ ಲಾರಿಗಳ ಸಾಲನ್ನು ತಡೆದಿದ್ದರು. ಶೌಕತ್‌ನದು ಮುಂದಿನಿಂದ ಎರಡನೆಯ ಲಾರಿ. ದಫನ್ ಅಲ್ಲೇ ಆಗಿತ್ತು.

ಮೊದಲ ದಿನ ಊರು ಚೆನ್ನಾಗಿಯೇ ನಡೆದುಕೊಂಡಿತು, ಅದನ್ನು ಇಲ್ಲ ಅನ್ನಬಾರದು. ಪೇಟೆ ಅರ್ಧ ಬಾಗಿಲು ಹಾಕಿತು. ಸೋಂದೆಯಿಂದ ಅಡಿಕೆಯವರು ಬಂದು ಜಗಲಿಯಲ್ಲಿ ತಲೆ ತಗ್ಗಿಸಿ ಕೂತರು. ಗಿರಿಜವ್ವ ಮೂರು ದಿನ ತನ್ನ ಮನೆಯಿಂದ ರೊಟ್ಟಿ ತಂದಳು. ನಾಲ್ಕನೆಯ ದಿನದಿಂದ ಬಾಯಿಗಳು ಬಿಚ್ಚಿಕೊಂಡವು.

ಮಸೀದಿಯ ಕಟ್ಟೆಯ ಮೇಲೆ, ಅವನು ಶಹೀದನೋ ಅಲ್ಲವೋ ಎಂದು ತಕರಾರು ಶುರುವಾಯಿತು. ಪರದೇಶದಲ್ಲಿ ಗುಂಡು ತಿಂದು ಸತ್ತವನು, ಶಹೀದನೇ ಎಂದರು ಕೆಲವರು. ಗುಂಡು ಹೊಡೆದವರೂ ಕಲ್ಮಾ ಓದುವವರೇ, ಇವನು ಉಂಡದ್ದು ಫಿರಂಗಿಯ ಅನ್ನ, ಎಲ್ಲಿಯ ಶಹೀದ ಎಂದರು ಉಳಿದವರು. ಇಮಾಮರು, "ಅದನ್ನು ತಿಳಿದವನು ಮೇಲಿದ್ದಾನೆ, ನಾವು ಫಾತಿಹಾ ಓದೋಣ" ಎಂದು ಬಾಯಿ ಮುಚ್ಚಿಸಲು ನೋಡಿದರು. ಬಸ್ ನಿಲ್ಲುವಲ್ಲಿನ ಚಾದಂಗಡಿಯಲ್ಲಿ ಕೂರುವ ಪಡ್ಡೆಗಳದು ಇನ್ನೂ ಸುಲಭದ ಲೆಕ್ಕಾಚಾರ. "ಸರ್ಕಾರದ ನಾಯಿ, ಸರ್ಕಾರಕ್ಕಾಗಿ ಸತ್ತಿತು" ಎಂದು ಬೀಡಿ ಹಚ್ಚಿದರು. ಆ ಮಾತನ್ನು ಅಮೀನಾಬಿಯ ಕಿವಿಗೆ ಮುಟ್ಟಿಸುವ ಪುಣ್ಯಾತ್ಮರೂ ಇದ್ದರು.

ಸರ್ಕಾರ ಸುಮ್ಮನಿರುತ್ತದೆಯೇ? ಮೇ ಹನ್ನೆರಡಕ್ಕೆ ಲಂಡನ್ನಿನಲ್ಲಿ ಹೊಸ ಬಾದಶಹನ ಪಟ್ಟಾಭಿಷೇಕ. ತಾಲೂಕು ತಾಲೂಕಿನಲ್ಲೂ ಸಭೆ ಆಗಬೇಕೆಂದು ಮೇಲಿನಿಂದ ಹುಕುಂ. ಕಾಂಗ್ರೆಸ್ಸಿನ ಊರಾದ ಶಿರಸಿಯಲ್ಲಿ ಅಂಥ ಸಭೆಗೆ ಕುರ್ಚಿಗಳು ಬರುತ್ತವೆ, ಜನ ಬರುವುದಿಲ್ಲ. ತಾಲೂಕಿನ ಮಾಮಲೇದಾರರಿಗೆ ಶೌಕತ್‌ನ ಸಾವು ದೇವರು ಕೊಟ್ಟಂತೆ ಸಿಕ್ಕಿತು. ವೀರನ ತಂದೆಗೆ ಮರ್ಯಾದೆ ಮಾಡುತ್ತೇವೆಂದು ಡಂಗುರ ಹೊಡೆಸಿದರು. ಖಾಜಾ ಹುಸೇನ್ ಇಸ್ತ್ರಿ ಮಾಡಿದ ಕೋಟು ತೊಟ್ಟು ಹೋದ. ಮೇ ತಿಂಗಳ ಸೆಕೆಯಲ್ಲಿ ಅವನಿಗೆ ಉಣ್ಣೆಯ ಶಾಲು ಹೊದಿಸಿ, ಮೊಹರು ಒತ್ತಿದ ಕಾಗದಕ್ಕೆ ಚೌಕಟ್ಟು ಹಾಕಿಸಿ ಕೈಗೆ ಕೊಟ್ಟರು. ಬೆವರು ಸುರಿಸುತ್ತ ನಿಂತವನ ಕಣ್ಣಲ್ಲಿ ನೀರೂ ಇತ್ತು. ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ.

ಹೊರಗೆ ರಸ್ತೆಯಲ್ಲಿ ಕರಿ ಬಾವುಟ ಹಿಡಿದವರು ನಿಂತಿದ್ದರು. ಅವರ ಮುಂದೆ ದೇವರು ಹೆಗಡೆ ಎಂಬವನು. ಸಿದ್ದಾಪುರ ಕಡೆಯವನು, ಕರ ಕೊಡುವುದಿಲ್ಲವೆಂದು ಹಟ ಹಿಡಿದು ತೋಟ ಜಪ್ತಿ ಮಾಡಿಸಿಕೊಂಡವನು, ಎರಡು ವರ್ಷ ಜೈಲಿನಲ್ಲಿದ್ದು ಬಂದವನು. ಖಾಜಾ ಹುಸೇನ್‌ನ ಲಾರಿಯಲ್ಲೇ ಅವನ ಅಡಿಕೆ ಹೋಗುತ್ತಿತ್ತು ಒಂದು ಕಾಲದಲ್ಲಿ. ಅವನು ಅಡ್ಡ ಬಂದು ಕೈ ಮುಗಿದ.

"ಖಾಜಾ ಸಾಬ್ರೇ, ಶೌಕತ್ ಹೋಗಿದ್ದು ನಂಗೂ ಬೇಜಾರೇ. ಆದ್ರೆ ಹೇಳ್ದೇ ಇರೂಲೆ ಆಗ್ತಿಲ್ಲೆ. ಆ ಪಟಾಣರು ತಮ್ಮ ಮನೆ ಕಾಯ್ತಾ ಇದ್ದವ್ರು. ಎಂತಕ್ಕೆ ಹೋಗಿದ್ದ ನಿಮ್ಮ ಹುಡುಗ ಅಲ್ಲಿಗೆ? ನನ್ನ ತೋಟ ಜಪ್ತಿ ಮಾಡಿದವ್ರೂ, ಅವ್ರ ಮನೆ ಸುಡೋವ್ರೂ ಒಂದೇ ಸರ್ಕಾರ. ಆ ಶಾಲು ತೆಗೆದು ಹಾಕಿ."

"ನಿಮ್ಮ ತೋಟ ಇವತ್ತಲ್ಲ ನಾಳೆ ತಿರುಗಿ ಬರುತ್ತೆ ಹೆಗಡೇರೆ," ಎಂದು ಖಾಜಾ ಹುಸೇನ್ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದು ಮನೆಗೆ ಬಂದ. ಬಂದವನೇ ಹೆಂಡತಿಯ ಮುಂದೆ ಎಲ್ಲವನ್ನೂ ಕಾರಿಕೊಂಡ.

ಅಮೀನಾಬಿ ಅಕ್ಕಿ ಆರಿಸುತ್ತ ಕೇಳಿದಳು. ಹೆಗಡೆಯ ಮಾತು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಅವನಿಗೆ ಗೊತ್ತಿಲ್ಲದ್ದೂ ಅವಳಿಗೆ ಗೊತ್ತಿತ್ತು. ಆದರೆ ಅವನು ಅದನ್ನು ನಡುಬೀದಿಯಲ್ಲಿ, ಹತ್ತು ಜನರ ಮುಂದೆ, ಮಗ ಸತ್ತವನಿಗೆ ಹೇಳಿದ್ದನಲ್ಲ! ಸತ್ಯ ಹೇಳುವಾಗ ಮನುಷ್ಯನಿಗೆ ಅಷ್ಟು ರುಚಿ ಹತ್ತಬಾರದು ಅಂದುಕೊಂಡಳು. ಗೋಡೆಗೆ ತೂಗುಹಾಕಿದ ಚೌಕಟ್ಟಿನಲ್ಲಿ ಏನು ಬರೆದಿದೆಯೆಂದು ಮರುದಿನ ಗಿರಿಜವ್ವನನ್ನು ಕೇಳಿದಳು. ಅದು ಇಂಗ್ಲಿಷಿನಲ್ಲಿತ್ತು. ಗಿರಿಜವ್ವನಿಗೂ ಓದಲು ಬರಲಿಲ್ಲ.

ಅದೇ ವಾರ ಹುಬ್ಬಳ್ಳಿಯ ಸರ್ವಿಸ್ ಮೋಟಾರಿನಲ್ಲಿ ಶೌಕತ್‌ನ ಟ್ರಂಕು ಬಂತು. ಒಂದು ಸ್ವೆಟರು, ಬಾಚಣಿಗೆ, ಅಂಗೈಯಷ್ಟು ದೊಡ್ಡ ಕುರಾನು, ಸವೆದ ಚಪ್ಪಲಿ. ಕುರಾನಿನೊಳಗೆ ಅವಳ ಕಾರ್ಡು. ನಾಲ್ಕು ಮಡಿಕೆ ಮಾಡಿ ಬಿಚ್ಚಿ, ಮತ್ತೆ ಮಡಿಸಿ, ಮಡಿಕೆಯ ಗೆರೆಗಳಲ್ಲಿ ಅಕ್ಷರಗಳೇ ಉದುರಿಹೋಗಿದ್ದವು. ಮೂಲೆಯಲ್ಲಿ ಲಾರಿ ಎಣ್ಣೆಯ ಹೆಬ್ಬೆಟ್ಟಿನ ಗುರುತು.

ತಲುಪಿರಲಿಕ್ಕಿಲ್ಲ ಎಂದು ಆವರೆಗೆ ಅವಳು ತನ್ನನ್ನೇ ಸಮಾಧಾನ ಮಾಡಿಕೊಂಡಿದ್ದಳು. ತಲುಪಿತ್ತು. ಒಂದು ಸಲವಲ್ಲ, ನೂರು ಸಲ ಓದಿದ್ದ. ಮಾಫ್ ಮಾಡೋದಿಲ್ಲ ಎಂಬ ಅಮ್ಮನ ಮಾತನ್ನು ಇಟ್ಟುಕೊಂಡೇ ಆ ಕಣಿವೆಗೆ ಲಾರಿ ನುಗ್ಗಿಸಿದ್ದ.

ಶಮ್ಸುನ್ನಿಸಾ ಟ್ರಂಕಿನ ಮುಂದೆ ಕೂತು ಗೋಳಾಡಿದಳು. "ಈಗಲಾದರೂ ಹೇಳೇ ಅಮೀನಾ! ಮೈಯಂತೂ ಬರಲಿಲ್ಲ, ಮೈಮೇಲಿನ ಬಟ್ಟೆ ಬಂದಿದೆ. ಇದರ ತಲೆಯ ಕಡೆ ಕೂತು ಹೇಳು. ನೀನೆಂಥ ತಾಯಿ? ನಾಯಿಯೂ ತನ್ನ ಮರಿಗೆ ಹೀಗೆ ಮಾಡೋದಿಲ್ಲ!"

ಓಣಿಯ ಹೆಂಗಸರೆಲ್ಲ ಸೇರಿದ್ದರು. ವೀರನಿಗೆ ಹೇಳದೆ ಇನ್ಯಾರಿಗೆ ಹೇಳುತ್ತಾಳೆ ಎಂದಳು ಒಬ್ಬಳು. ಹುಕುಂ ಪ್ರಕಾರ ನಡೆದವನ ಮೇಲೆ ಎಂಥ ಸಿಟ್ಟು ಎಂದಳು ಇನ್ನೊಬ್ಬಳು. ಅಮೀನಾಬಿ ಸ್ವೆಟರಿನ ತೋಳನ್ನು ಮುಖಕ್ಕೆ ಒತ್ತಿಕೊಂಡಳು. ಅದರಲ್ಲಿ ಮಗನ ಬೆವರಿನ ವಾಸನೆ ಇತ್ತು, ಒಂದಿಷ್ಟು ಚಿಮಣಿ ಎಣ್ಣೆಯ ವಾಸನೆಯೂ ಇತ್ತೇನೋ. ಅದು ಅವಳ ಭ್ರಮೆಯೂ ಇರಬಹುದು. ಬಾಯಿ ತೆರೆದಳು. ಹೇಳದೆ ಸ್ವೆಟರನ್ನು ಮಡಿಸಿ ಟ್ರಂಕಿಗೆ ಹಾಕಿದಳು.

ಹೇಳಲಾರದ್ದಕ್ಕೆ ಕಾರಣ ಮಗನ ಮೇಲಿನ ಸಿಟ್ಟಲ್ಲ. ಸಿಟ್ಟು ತಾರಿನೊಂದಿಗೇ ಸುಟ್ಟುಹೋಗಿತ್ತು. ತಾನು ಮಾಫ್ ಎಂದರೆ ಎಲ್ಲವೂ ಮಾಫ್ ಆದ ಹಾಗೆ. ಇಷ್ಟು ಜನ ಬಾಯಿ ಕಳೆದು ಕಾದಿರುವುದೂ ಅದಕ್ಕೇ. ಆಮೇಲೆ ಆ ಮಂಚದ ಮೇಲೆ ಕೂತವಳ ಪರವಾಗಿ ಈ ಭೂಮಿಯ ಮೇಲೆ ಯಾರು ಉಳಿಯುತ್ತಾರೆ? ಅವಳ ವಿಷಯ ಶಿರಸಿಯಲ್ಲಿ ತನಗೂ ಗಿರಿಜವ್ವನಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಗಂಡನಿಗೆ ಹೇಳೋಣವೆಂದರೆ, ಅಬ್ಬಾಗೆ ಹೇಳಬೇಡ ಎಂದು ಮಗ ಬರೆದದ್ದು ಅಡ್ಡ ಬರುತ್ತದೆ. ಅವನು ಕೇಳಿದ್ದರಲ್ಲಿ ಒಂದನ್ನಂತೂ ಕೊಡಲಿಲ್ಲ, ಇದನ್ನಾದರೂ ಉಳಿಸಿಕೊಡೋಣ ಎಂದು ಅವಳು ತುಟಿ ಕಚ್ಚಿಕೊಂಡಿದ್ದಳು.

ನಲವತ್ತನೆಯ ದಿನದ ಫಾತಿಹಾ ಬಂತು. ಬೆಳಿಗ್ಗೆಯೇ ಹಿತ್ತಲಲ್ಲಿ ಒಲೆ ಹೂಡಿ ದೊಡ್ಡ ಡೇಗೆಯಲ್ಲಿ ಅನ್ನಕ್ಕಿಟ್ಟಿದ್ದರು. ಇವತ್ತು ಹೇಳದಿದ್ದರೆ ಇನ್ನು ಎಂದೂ ಇಲ್ಲ ಎಂದು ಶಮ್ಸುನ್ನಿಸಾ ಮುಖ ತಿರುಗಿಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು. ಆಗ ರಸ್ತೆಯಲ್ಲಿ ಗದ್ದಲ ಕೇಳಿತು. ಅದರ ಹಿಂದೆಯೇ ಇಂಗಿನ ವಾಸನೆ ಬಂತು, ಅಡಿಗೆಯಲ್ಲಿ ಬರುವಂಥದ್ದಲ್ಲ, ಉಸಿರು ಕಟ್ಟುವಷ್ಟು.

ಇಂಗಿನ ಖಾನ್ ವರ್ಷಕ್ಕೊಮ್ಮೆ ಮಳೆಗೆ ಮೊದಲು ಶಿರಸಿಗೆ ಬರುತ್ತಿದ್ದ. ಆರಡಿ ಆಳು, ಹೆಗಲಲ್ಲಿ ಚರ್ಮದ ಚೀಲ, ತಲೆಗೆ ಮಾಸಿದ ಪಾಗು. ಹನ್ನೆರಡು ವರ್ಷದಿಂದ ಅಮೀನಾಬಿಗೆ ಇಂಗು ಕೊಡುತ್ತಿದ್ದವನು ಅವನೇ. ಶೌಕತ್ ಶಾಲೆಗೆ ಹೋಗುತ್ತಿದ್ದಾಗ ಅವನ ಜೇಬಿಗೆ ಅಕ್ರೋಟು ತುಂಬಿಸುತ್ತಿದ್ದವನೂ ಅವನೇ. ಅವನ ಊರು ಯಾವುದೆಂದು ಯಾರೂ ಕೇಳಿರಲಿಲ್ಲ. ಈ ಸಲ ಚಾದಂಗಡಿಯ ಪಡ್ಡೆಗಳಿಗೆ ಕೇಳುವುದೂ ಬೇಕಾಗಿರಲಿಲ್ಲ. ಪಟಾಣ ಅಂದರೆ ಪಟಾಣ. "ಇವನ ಜನವೇ ನಮ್ಮ ಶೌಕತ್‌ನನ್ನ ಕೊಂದದ್ದು!" ಎಂದು ಕೂಗಿದವರು, ತಿಂಗಳ ಹಿಂದೆ ಅದೇ ಶೌಕತ್‌ನನ್ನು ನಾಯಿ ಅಂದವರು. ಈಗ ಅವನು ಅವರ ಅಣ್ಣನೋ ತಮ್ಮನೋ ಆಗಿಬಿಟ್ಟಿದ್ದ. ಚೀಲ ಕಿತ್ತು ಚರಂಡಿಗೆ ಸುರಿದರು. ಪಾಗು ಎಳೆದು ಎಸೆದರು. ಮುದುಕನ ಹಣೆಯಿಂದ ರಕ್ತ ಬರುತ್ತಿತ್ತು.

ಅಮೀನಾಬಿ ಬಾಗಿಲಿಗೆ ಬಂದು ನೋಡಿದಾಗ ಖಾನ್‌ನ ಕೊರಳಪಟ್ಟಿ ಹಿಡಿದು ನಿಂತವನು ಬೇರೆ ಯಾರೂ ಅಲ್ಲ, ಖಾಜಾ ಹುಸೇನ್. ನಲವತ್ತು ದಿನ ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೊತ್ತು ತಿರುಗಿದ್ದನ್ನೆಲ್ಲ ಅವನು ಆ ಮುದುಕನ ಮೇಲೆ ಇಳಿಸಲು ಕೈ ಎತ್ತಿದ್ದ.

ಬುರ್ಖಾ ಗೂಟದಲ್ಲೇ ಉಳಿಯಿತು. ಅವಳು ಸೆರಗನ್ನಷ್ಟೇ ತಲೆಗೆಳೆದುಕೊಂಡು ಮೆಟ್ಟಿಲಿಳಿದು ರಸ್ತೆಗೆ ಬಂದಳು. ಇಪ್ಪತ್ತೈದು ವರ್ಷದಲ್ಲಿ ಆ ಓಣಿ ಅವಳ ಮುಖ ಕಂಡಿರಲಿಲ್ಲ. ಗಂಡಸರು ತಾವಾಗಿಯೇ ಹಿಂದೆ ಸರಿದರು.

"ಬಿಡಿ ಅವನನ್ನ."

"ಒಳಗೆ ಹೋಗು ಅಮೀನಾ! ಇವನ ಜನ ನನ್ನ ಮಗನನ್ನ..."

"ನಿಮ್ಮ ಮಗ ಏನು ಮಾಡಿದ್ದ ಅಂತ ಗೊತ್ತಾ ನಿಮಗೆ? ಬಿಡಿ, ಹೇಳ್ತೀನಿ."

ಅವನ ಕೈ ಸಡಿಲವಾಯಿತು. ಅವಳು ಖಾನ್‌ನನ್ನು ಕರೆದು ಜಗಲಿಯ ಮೇಲೆ ಕೂರಿಸಿದಳು, ನೀರು ಕೊಟ್ಟಳು. ಅಷ್ಟರಲ್ಲಿ ಗದ್ದಲ ಕೇಳಿ ಓಡಿಬಂದಿದ್ದ ದೇವರು ಹೆಗಡೆ ಚರಂಡಿಯ ಬದಿಯಿಂದ ಪಾಗು ಹೆಕ್ಕಿ, ಮಣ್ಣು ಕೊಡವಿ, ಮುದುಕನ ಪಕ್ಕ ಇಟ್ಟ. ಹುಡುಗರಿಗೆ ಏನೋ ಬಯ್ಯಲು ಬಾಯಿ ತೆರೆದ. ಅಮೀನಾಬಿಯ ಮುಖ ನೋಡಿ, ಬಯ್ಯದೆ, ಗುಂಪಿಗೂ ಜಗಲಿಗೂ ನಡುವೆ ಹೋಗಿ ನಿಂತ.

ಅವಳು ಕಾಗದ ತರಲಿಲ್ಲ. ಅದು ಅವಳಿಗೆ ಬಾಯಿಪಾಠವಾಗಿತ್ತು. ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಖಾನ್‌ಗೆ ತಿಳಿಯಲೆಂದು ಹಿಂದೂಸ್ತಾನಿಯಲ್ಲಿ, ಬೀದಿಗೆ ತಿಳಿಯಲೆಂದು ಕನ್ನಡದಲ್ಲಿ, ಎರಡೆರಡು ಸಲ ಹೇಳಿದಳು. ಮಂಚ, ಮರ, ಚಿಮಣಿ ಎಣ್ಣೆಯ ಡಬ್ಬಿ, ಹಿಮ. ಒಳಗೇ ಉಳಿದ ಹೊದಿಕೆ. ಅಬ್ಬಾಗೆ ಹೇಳಬೇಡ ಎಂದದ್ದನ್ನೂ ಹೇಳಿದಳು. ಮಗನ ಗುಟ್ಟನ್ನು ಬೀದಿಗೆ ಹಾಕುತ್ತಿದ್ದೇನೆಂದು ಗೊತ್ತಿದ್ದೂ ಒಂದು ಅಕ್ಷರ ಬಿಡಲಿಲ್ಲ. ತಾನು ಬರೆಸಿದ ಕಾರ್ಡಿನ ವಿಷಯವನ್ನು ಕೊನೆಯಲ್ಲಿ ಹೇಳಿದಳು. ಖಾಜಾ ಹುಸೇನ್ ನಿಂತಲ್ಲೇ ನಿಂತಿದ್ದ.

"ಖಾನ್," ಅಂದಳು ಅಮೀನಾಬಿ. "ಆ ಕಡೆಯಿಂದ ನನಗೆ ಗೊತ್ತಿರುವವನು ನೀನೊಬ್ಬನೇ. ಅವಳ ಪರವಾಗಿ ನೀನು ಮಾಫ್ ಮಾಡ್ತೀಯಾ?"

ಗುಂಪಿನಲ್ಲಿ ಯಾರೋ ಪಿಸುಗುಟ್ಟಿದರು: "ಮಾಡ್ದೆ ಅನ್ನೋ ಮಾರಾಯ, ತಾಯಿ ಕೇಳ್ತಿದ್ದಾಳೆ." ಆ ಮಾತು ಬಂದುಬಿಟ್ಟರೆ ಎಲ್ಲರೂ ಮನೆಗೆ ಹೋಗಿ ಉಣ್ಣಬಹುದಿತ್ತು.

ಖಾನ್ ಹಣೆಯ ರಕ್ತವನ್ನು ತೋಳಿಗೆ ಒರೆಸಿಕೊಂಡ. ಅವನ ಹರಕುಮುರುಕು ಹಿಂದೂಸ್ತಾನಿಯಲ್ಲಿ ಸಾವಕಾಶ ಹೇಳಿದ.

"ನಾನು ಗಜ್ನಿ ಕಡೆಯವನು, ಮಾಯಿ. ಆ ಊರು ನೋಡಿಲ್ಲ. ಅವಳ ಹೆಸರೂ ಗೊತ್ತಿಲ್ಲ. ನನ್ನದಲ್ಲದ್ದನ್ನ ನಾನು ಹೇಗೆ ಕೊಡಲಿ?" ಪಾಗನ್ನು ತೊಡೆಯ ಮೇಲೆ ಎಳೆದುಕೊಂಡು ಅಂದ: "ಅವಳು ನನ್ನ ತಾಯಿಯಾಗಿದ್ದರೆ ಮಾಡುತ್ತಿರಲಿಲ್ಲ. ಸುಳ್ಳು ಹೇಳಲಾರೆ. ನಿನ್ನ ಹುಡುಗನಿಗೆ ನಾನು ಅಕ್ರೋಟು ಕೊಟ್ಟಿದ್ದೇನೆ. ಅವನು ಸತ್ತದ್ದಕ್ಕೆ ಅಳುತ್ತೇನೆ. ಮಾಫ್ ಮಾತ್ರ ಇಲ್ಲ."

ಪಡ್ಡೆಗಳಲ್ಲೊಬ್ಬ ಮುಂದೆ ಬರಲು ನೋಡಿದ. ದೇವರು ಹೆಗಡೆ ಅವನ ಎದೆಗೆ ಕೈ ಅಡ್ಡ ಕೊಟ್ಟು ನಿಲ್ಲಿಸಿದ.

ಅಮೀನಾಬಿಗೆ ಮಾತ್ರ ಆ ಇಲ್ಲ ಎಂಬ ಮಾತು ಕೇಳಿ, ವಿಚಿತ್ರವೆಂದರೆ, ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಶಹೀದ ಎಂದವರು, ನಾಯಿ ಎಂದವರು, ವೀರ ಎಂದವರು, ಹುಕುಂ ಎಂದವರು, ಯಾರ ಮಾತಿಗೂ ಆಗದ್ದು ಇದಕ್ಕೆ ಆಯಿತು. ಆ ಮುದುಕಿಯ ಪರವಾಗಿ ಕೊನೆಗೂ ಒಬ್ಬ ನಿಂತಿದ್ದ, ರಕ್ತ ಸುರಿಯುವ ಹಣೆಯಲ್ಲಿ, ಅಷ್ಟು ಜನರ ನಡುವೆ. ಇನ್ನು ಅವಳನ್ನು ತಾನೊಬ್ಬಳೇ ಕಾಯಬೇಕಾಗಿರಲಿಲ್ಲ. ತಾನು ತನ್ನ ಮಗನ ಹತ್ತಿರ ಹೋಗಬಹುದಿತ್ತು.

ಒಳಗೆ ಹೋಗಿ ಪೆಟಾರಿಯ ಮೇಲಿನ ಕೌದಿ ತಂದು ಖಾನ್‌ನ ತೊಡೆಯ ಮೇಲಿಟ್ಟಳು. "ನೀನು ಊರಿಗೆ ಹೋಗುವಾಗ ತಗೊಂಡು ಹೋಗು. ಅಲ್ಲಿ ಯಾವುದಾದರೂ ಮುದುಕಿಗೆ ಕೊಡು."

ಖಾನ್ ಕೌದಿಯ ಹೊಲಿಗೆಯ ಮೇಲೆ ಕೈಯಾಡಿಸಿದ. "ಇದರಿಂದ ಏನೂ ತೀರೋದಿಲ್ಲ, ಮಾಯಿ."

"ಗೊತ್ತು," ಅಂದಳು. "ಚಳಿಗೆ ಕೊಟ್ಟದ್ದು."

ಅವನು ಪಾಗು ಸುತ್ತಿಕೊಂಡು, ಬರಿದಾದ ಚೀಲವನ್ನು ಕೌದಿಯೊಳಗೆ ಮಡಿಸಿ ಹೆಗಲಿಗೇರಿಸಿ ಹುಬ್ಬಳ್ಳಿ ರಸ್ತೆ ಹಿಡಿದ. ಅವನಿಗೆ ದಾರಿ ಬಿಡಲು ಗುಂಪು ಎರಡಾಯಿತು, ಆಮೇಲೆ ಚದುರಿತು. ಇಂಗಿನ ವಾಸನೆ ಮಾತ್ರ ಮಳೆ ಬೀಳುವವರೆಗೂ ಆ ಓಣಿ ಬಿಟ್ಟು ಹೋಗಲಿಲ್ಲ.

ಅಮೀನಾಬಿ ಟ್ರಂಕಿನಿಂದ ಸ್ವೆಟರು ತೆಗೆದು ಚಾಪೆಯ ಮೇಲೆ ಹರವಿದಳು. ತೋಳುಗಳನ್ನು ಎರಡೂ ಬದಿಗೆ ನೇರ ಮಾಡಿದಳು. ತಲೆ ಇರಬೇಕಾದ ಕಡೆ ಕೂತು, ಬರಿಯ ಚಾಪೆಯ ಮೇಲೆ ಅಂಗೈ ಇಟ್ಟು, ಯಾರೂ ಹೇಳಿಸದೆ, ಮೂರು ಸಲ ಹೇಳಿದಳು. ಹಾಲು ಮಾಫ್ ಮಾಡಿದೆ. ಮೂರನೆಯ ಸಲಕ್ಕೆ ದನಿ ಒಡೆಯಿತು, ಆದರೂ ಮಾತು ಪೂರ್ತಿ ಹೊರಗೆ ಬಂತು.

ಖಾಜಾ ಹುಸೇನ್ ಬಂದು ಹೊಸ್ತಿಲಲ್ಲೇ ಕೂತಿದ್ದ. ಗೋಡೆಯ ಮೇಲಿನ ಚೌಕಟ್ಟಿನ ಕಡೆ ಅವನು ನೋಡಲಿಲ್ಲ. ಚಾಪೆಯ ಮೇಲಿನ ಸ್ವೆಟರನ್ನೇ ನೋಡುತ್ತ ಕೇಳಿದ.

"ಈಗ ಹಗುರಾದನೇನೇ ಅವನು?"

ಅಮೀನಾಬಿ ಸ್ವೆಟರಿನ ತೋಳು ನೀವುತ್ತ ಕೂತಿದ್ದಳು.

"ನನ್ನ ಹಾಲಿನಷ್ಟು ಹಗುರಾದ," ಅಂದಳು.